ಅಕ್ಟೋಬರ್‌ನ ಕೆಲಸ ಜುಲೈನಲ್ಲೇ ಶುರುವಾಗಬೇಕು

ನಮ್ಮ ಕಾರವಾರ, ಕುಮಟಾ ಕಡೆ ಯಾವ ಕಾಮಗಾರಿ ಅರ್ಧಕ್ಕೆ ನಿಂತರೂ ಕೇಳಿಬರುವ ಮಾತು ಒಂದೇ: 'ಮಳೆ ಬಂತಲ್ರೀ, ಏನು ಮಾಡೂದು?' ಈ ಕರಾವಳಿಯಲ್ಲೇ ಸೈಟು ನೋಡಿಕೊಂಡು ಬಂದ ಪ್ರಾಜೆಕ್ಟ್ ಮ್ಯಾನೇಜರ್ ಆಗಿ ನಾನಿದನ್ನು ಒಪ್ಪುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಪಾಯ ತೋಡಲಿಕ್ಕೆ ಆಗುವುದಿಲ್ಲ, ನಿಜ. ಆದರೆ ಕೆಲಸದ ಓಘ ಮುರಿಯುವುದು ಮಳೆ ಬಿಟ್ಟ ಮೇಲೆ. ಬಯಲುಸೀಮೆಯಿಂದ ಬಂದ ಕೆಲಸದವರು ಬಿತ್ತನೆಗೆಂದು ಊರಿಗೆ ಹೋಗಿರುತ್ತಾರೆ. ಚೌತಿ ಮುಗಿದರೂ ಡ್ರಾಯಿಂಗಿಗೆ ಸಹಿ ಬಿದ್ದಿರುವುದಿಲ್ಲ, ಹಳೇ ಬಿಲ್ ಪಾಸಾಗಿರುವುದಿಲ್ಲ. ಎಲ್ಲ ಕೂಡಿಬರುವಷ್ಟರಲ್ಲಿ ದೀಪಾವಳಿ. ಜಲ್ಲಿ, ಕಬ್ಬಿಣದ ಆರ್ಡರ್, ಪರವಾನಗಿ ಎಲ್ಲವನ್ನೂ ಜುಲೈನಲ್ಲೇ ಬೆನ್ನುಹತ್ತಿ ಮಾಡಿಸಬೇಕು. ಎಲ್ಲಕ್ಕಿಂತ ಮೊದಲು ಮೇಸ್ತ್ರಿಯ ಬಾಕಿ ಚುಕ್ತಾ ಆಗಬೇಕು. ದುಡಿದ ದುಡ್ಡು ಕೊಡದೆ ಊರಿಗೆ ಕಳಿಸಿದರೆ ಅವರು ತಿರುಗಿ ನಮ್ಮ ಸೈಟಿಗೇ ಯಾಕೆ ಬರಬೇಕು?

ಕೊಂಕಣ ರೈಲ್ವೆ ಇದೇ ಮಳೆಯಲ್ಲಿ, ಇದೇ ಘಟ್ಟದ ಬುಡದಲ್ಲಿ ಆಗಿದ್ದು. 1990ರಲ್ಲಿ ನಿಗಮ ಹುಟ್ಟಿತು, 1998ರಲ್ಲಿ ಸುಮಾರು 740 ಕಿ.ಮೀ. ಉದ್ದಕ್ಕೂ ರೈಲು ಓಡಿತು. ಹೊನ್ನಾವರದ ಶರಾವತಿ ಸೇತುವೆಯೊಂದೇ ಎರಡು ಕಿ.ಮೀ. ದಾಟುತ್ತದೆ. ನಿಗಮದ ಮುಖ್ಯಸ್ಥರಾಗಿದ್ದ ಇ. ಶ್ರೀಧರನ್ ಅವರು ಇಡೀ ಮಾರ್ಗವನ್ನು ಏಳು ವಿಭಾಗ ಮಾಡಿ (ಕಾರವಾರವೂ ಅದರಲ್ಲೊಂದು) ಒಂದೊಂದಕ್ಕೆ ಒಬ್ಬ ಮುಖ್ಯ ಇಂಜಿನಿಯರನ್ನು ಕೂರಿಸಿದ್ದರು. ನನಗೆ ಅದಕ್ಕಿಂತ ಹೆಚ್ಚು ಹಿಡಿಸುವುದು ಬೇರೆ. ಪೂರ್ತಿ ಆಗಲಿ ಎಂದು ಕಾಯದೆ 1993ರಲ್ಲೇ ಮಂಗಳೂರು ಹತ್ತಿರದ ತೋಕೂರು ಮತ್ತು ಉಡುಪಿ ನಡುವೆ ರೈಲು ಬಿಟ್ಟರು. ಒಂದು ತುಂಡು ಬಳಕೆಗೆ ಬಂದರೆ ಉಳಿದ ತುಂಡಿನಲ್ಲಿ ದುಡಿಯುವವರ ಹುರುಪೇ ಬೇರೆ, ಜನರ ನಂಬಿಕೆಯೂ ಉಳಿಯುತ್ತದೆ. ನೀರಿನ ಯೋಜನೆಯಾದರೆ ಮೊದಲು ಒಂದು ಕೇರಿಗೆ ನೀರು ಬಿಡಿ. ಕಟ್ಟಡವಾದರೆ ಒಂದು ಮಹಡಿ ಬಿಟ್ಟುಕೊಡಿ.

ಇನ್ನು ಕೊನೆಯ ಹಂತ. ಕೆಲಸ ಹತ್ತಿರ ಹತ್ತಿರ ಮುಗಿಯಿತು ಅನ್ನುವಾಗ ಒಳ್ಳೆಯ ಸೈಟ್ ಇಂಜಿನಿಯರನ್ನು ಎತ್ತಿ ಹೊಸ ಸೈಟಿಗೆ ಹಾಕುತ್ತಾರೆ. ಇದರ ಬಗ್ಗೆ ನನಗೆ ಸಿಟ್ಟೇ ಇದೆ. ಉಳಿದದ್ದು ಸಣ್ಣಪುಟ್ಟ ಕೆಲಸ ಅನ್ನುತ್ತಾರೆ, ಆದರೆ ಸೋರುವ ಜಾಯಿಂಟು, ಬಾರದ ವಿದ್ಯುತ್ ಸಂಪರ್ಕ, ಹೊಂದದ ಲೆಕ್ಕ ಎಲ್ಲ ಅಲ್ಲೇ ಇರುವುದು, ಅದರ ಹಿಂದುಮುಂದು ಗೊತ್ತಿರುವುದೂ ಆ ಒಬ್ಬರಿಗೇ. ಹಸ್ತಾಂತರ ಪತ್ರಕ್ಕೆ ಸಹಿ ಬೀಳುವವರೆಗೆ ಅವರನ್ನು ಕದಲಿಸಬೇಡಿ. ಮೇಲಿನವರು ಕೇಳದಿದ್ದರೆ ಜಗಳವಾಡಿಯಾದರೂ ಉಳಿಸಿಕೊಳ್ಳಿ.