ವೀಸಿ ಯಾವೂರು ಮಗಾ?

"ಸಾಹೇಬ್ರು ವೀಸಿಲಿದ್ದಾರೆ." ಈ ಮಾತು ಕೇಳದೆ ಪಹಣಿ ತಿದ್ದಿಸಿಕೊಂಡವರು ಯಾರಾದ್ರೂ ಇದ್ದರೆ ಕೈ ಎತ್ತಿ. ನಾನು ಊಟ ಹಾಕಿಸ್ತೀನಿ.

ಕಳೆದ ಸೋಮವಾರ ನನ್ನ ಸರದಿ. ಹಾಸನ ಜಿಲ್ಲೆಯ ಕಾಫಿ ಸೀಮೆಯ ಒಂದು ಕಚೇರಿ. ಹೆಸರು ಬೇಡ, ಹೇಳಿದ್ರೆ ಜಮೀನು ಅಳೆದು ಪಾಲು ಮಾಡೋ ನನ್ನ ಪೋಡಿ ಫೈಲು ಇನ್ನೂ ಎರಡು ವರ್ಷ ಕೆಳಗೆ ಹೋಗಿ ಕೂರುತ್ತೆ. ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಅಟೆಂಡರ್ ಕೂತಿದ್ದ. ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಅಜ್ಜಿ. ಯಜಮಾನರು ತೀರಿಕೊಂಡು ನಾಲ್ಕು ವರ್ಷ ಆಯಿತಂತೆ, ಪೌತಿ ಖಾತೆ ಇನ್ನೂ ಆಗಿಲ್ಲ. ಕಾಗದವೆಲ್ಲ ಜವಳಿ ಅಂಗಡಿಯ ಕವರಿನಲ್ಲಿ, ಅದಕ್ಕೊಂದು ರಬ್ಬರ್ ಬ್ಯಾಂಡು, ಅದರ ಮೇಲೆ ಮಳೆಗೆ ಅಂತ ಇನ್ನೊಂದು ಕವರು.

"ಸಾಹೇಬ್ರು ವೀಸಿಲಿದ್ದಾರೆ ಅಜ್ಜಿ. ಇವತ್ತು ಆಗಲ್ಲ."

"ವೀಸಿ ಯಾವೂರು ಮಗಾ? ಸಂಜೆ ಬಸ್ಸಿಗೆ ಬಂದ್ಬಿಡ್ತಾರಾ?"

ಅಟೆಂಡರ್ ನಕ್ಕ. ನಾನೂ ನಕ್ಕೆ. ವೀಸಿ ಅಂದ್ರೆ ವಿಡಿಯೊ ಕಾನ್ಫರೆನ್ಸ್, ಮೇಲಿನವರ ಜೊತೆ ಪರದೆ ಮೇಲೆ ನಡೆಯೋ ಮೀಟಿಂಗು. ಆಮೇಲೆ ಕೂತು ಯೋಚಿಸಿದರೆ ಅಜ್ಜಿ ಕೇಳಿದ್ದರಲ್ಲಿ ತಪ್ಪೇನಿದೆ? ಸಾಹೇಬರು ನಮ್ಮಿಂದ ಎಂಟು ಅಡಿ ದೂರದಲ್ಲಿದ್ದಾರೆ. ಅವರು ಕೆಮ್ಮಿದ್ದು ಕೇಳಿಸುತ್ತೆ, "ಎಸ್ ಸಾರ್, ನೋಟೆಡ್ ಸಾರ್" ಅಂದಿದ್ದೂ ಕೇಳಿಸುತ್ತೆ. ಆದರೂ ಅವರು ಇಲ್ಲಿಲ್ಲ. ಅಂದ ಮೇಲೆ ಬೇರೆ ಯಾವುದೋ ಊರಲ್ಲಿರಲೇಬೇಕು ಅಲ್ವಾ?

ನನ್ನ ಅಕ್ಕನ ಮಗ ಬೆಂಗಳೂರಿನ ಕಂಪನಿಯಲ್ಲಿ ನೆಟ್‌ವರ್ಕ್ ಕೆಲಸ ಮಾಡ್ತಾನೆ. ಕಾಫಿ ಕುಯ್ಲಿಗೆ ಅಂತ ಕೊಟ್ಟಿಗೆಹಾರದ ಕಡೆ ಬಂದವನು ಕಣದ ಮೂಲೆಯಲ್ಲಿ ಟೊಮೆಟೊ ಕ್ರೇಟು ಬೋರಲು ಹಾಕಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು ಮೀಟಿಂಗ್ ಮಾಡ್ತಿರ್ತಾನೆ, ಯಾಕಂದ್ರೆ ಅಲ್ಲಿ ಮಾತ್ರ ಸಿಗ್ನಲ್ ಎರಡು ಕಡ್ಡಿ ಬರುತ್ತೆ. ಬೆಂಚಿನ ಮೇಲಿಂದಲೇ ಅವನಿಗೆ ಫೋನ್ ಹಾಕಿ ಈ ವೀಸಿ ಹೇಗೆ ನಡೆಯುತ್ತೆ ಅಂತ ಕೇಳಿದೆ. ಮಾಡೋಕೆ ಬೇರೆ ಕೆಲಸ ಏನಿತ್ತು?

"ಮಾಮ, ಅದು ವೆಬ್‌ಆರ್‌ಟಿಸಿ" ಅಂತ ಶುರು ಮಾಡಿದ. ಬ್ರೌಸರ್ ಒಳಗೇ ಮಾತು, ವಿಡಿಯೊ ಎಲ್ಲ ನಡೆಯುತ್ತೆ, ಬೇರೆ ಆ್ಯಪ್ ಬೇಡ, ಒಂದು ಲಿಂಕ್ ಒತ್ತಿದರೆ ಸಾಕು. ಗೂಗಲ್ 2010ರಲ್ಲಿ ಒಂದು ಕಂಪನಿಯನ್ನು ಸುಮಾರು 6.8 ಕೋಟಿ ಡಾಲರ್ ಕೊಟ್ಟು ಕೊಂಡು, ಮುಂದಿನ ವರ್ಷ ಅದರ ಕೋಡನ್ನು ಎಲ್ಲರಿಗೂ ಬಿಟ್ಟಿ ಕೊಟ್ಟುಬಿಟ್ಟಿತಂತೆ. 2021ರ ಜನವರಿಯಲ್ಲಿ ಅದು ವೆಬ್ಬಿನ ಅಧಿಕೃತ ಮಾನದಂಡವೂ ಆಯಿತು. ಹತ್ತು ವರ್ಷ ಹಿಡಿದಿದೆ. ಪರವಾಗಿಲ್ಲ, ನಮ್ಮ ಪೋಡಿಗಿಂತ ಬೇಗ.

ಅವನು ಹೇಳಿದ್ದರಲ್ಲಿ ನನಗೆ ಬಹಳ ಇಷ್ಟವಾಗಿದ್ದು ವಿಳಾಸದ ಕತೆ. ಮನೆಯ ವೈಫೈ ನಿಮ್ಮ ಲ್ಯಾಪ್‌ಟಾಪಿಗೆ 192.168.1.5 ಅಂತಲೋ ಏನೋ ಒಂದು ನಂಬರ್ ಕೊಡುತ್ತಲ್ಲ, ಅದು ನಮ್ಮ ಕಡೆ 'ಪುಟ್ಟ' ಅನ್ನೋ ಹೆಸರಿದ್ದ ಹಾಗೆ. ಮನೆಗೊಬ್ಬ ಪುಟ್ಟ ಇದ್ದೇ ಇರ್ತಾನೆ. ಒಳಗೆ ಕರೆದರೆ ಸರಿಯಾಗಿ ಓಡಿ ಬರ್ತಾನೆ. ರಸ್ತೆಯಲ್ಲಿ ನಿಂತು "ಪುಟ್ಟಾ" ಅಂತ ಕೂಗಿದರೆ? ಅದಕ್ಕೇ ಮಾತು ಶುರುವಾಗೋ ಮುಂಚೆ ಬ್ರೌಸರ್ ಹೊರಗಿನ ಒಂದು ಸರ್ವರನ್ನು "ಅಣ್ಣಾ, ಹೊರಗಿಂದ ನೋಡಿದರೆ ನಾನು ಯಾರ ಹಾಗೆ ಕಾಣ್ತೀನಿ?" ಅಂತ ಕೇಳುತ್ತೆ. ಅದು ಸ್ಟನ್. ಅಷ್ಟಾದರೂ ನೇರ ದಾರಿ ಸಿಗದಿದ್ದರೆ ನಡುವೆ ಒಬ್ಬ ಈ ಕಡೆಯಿಂದ ತಗೊಂಡು ಆ ಕಡೆಗೆ ಮುಟ್ಟಿಸ್ತಾನೆ. ಅದು ಟರ್ನ್. ಇದನ್ನು ಕಂಪ್ಯೂಟರಿನವರು ಕಂಡುಹಿಡಿದರು ಅಂದರೆ ನಾನು ಒಪ್ಪಲ್ಲ. ಔಷಧಿ, ಟಿಫನ್ ಕ್ಯಾರಿಯರ್, ಮದುವೆ ಕಾಗದ ಎಲ್ಲವನ್ನೂ ಮಲೆನಾಡಿನ ಖಾಸಗಿ ಬಸ್ಸಿನ ಕಂಡಕ್ಟರುಗಳು ಇಷ್ಟು ವರ್ಷ ಹೀಗೇ ಮುಟ್ಟಿಸಿದ್ದಾರೆ. ರಸೀದಿ ಇಲ್ಲ, ಪಾಸ್‌ವರ್ಡ್ ಇಲ್ಲ. ಒಂದು ಮಾತು ಹೇಳಿದರೆ ಸಾಕಿತ್ತು, ಗೇಟ್ ಹತ್ತಿರ ಬಸ್ಸು ನಿಧಾನ ಆಗ್ತಿತ್ತು.

ಪಾಸ್‌ವರ್ಡ್ ಅಂದಾಗ ನೆನಪಾಯಿತು. ಕಂಪನಿಗಳಲ್ಲಿ ಈಗ 'ಝೀರೋ ಟ್ರಸ್ಟ್' ಅನ್ನೋದು ದೊಡ್ಡ ಮಂತ್ರವಂತೆ. ಒಳಗೆ ಬಂದವನನ್ನೂ ನಂಬಬೇಡ, ಹೆಜ್ಜೆ ಹೆಜ್ಜೆಗೂ ಗುರುತು ಕೇಳು. 2010ರಲ್ಲಿ ಜಾನ್ ಕಿಂಡರ್‌ವಾಗ್ ಅನ್ನೋ ಕಂಪ್ಯೂಟರ್ ಭದ್ರತೆಯ ತಜ್ಞರು ಇದನ್ನು ಹೇಳಿ ಹೆಸರು ಮಾಡಿದರು. ಪಾಪ, ಅವರು ನಮ್ಮ ಕಚೇರಿಗಳಿಗೆ ಬಂದಿರಲಿಲ್ಲ. ಒಂದನೇ ಟೇಬಲ್ಲಿನಲ್ಲಿ ಆಧಾರ್ ಜೆರಾಕ್ಸ್ ಕೊಟ್ಟು ಎರಡನೇ ಟೇಬಲ್ಲಿಗೆ ಹೋದರೆ ಅಲ್ಲೂ ಆಧಾರ್ ಜೆರಾಕ್ಸ್. ನಾವು ಹುಟ್ಟಾ ಝೀರೋ ಟ್ರಸ್ಟಿನವರು.

ಇನ್ನು ಧ್ವನಿ. ಬ್ರೌಸರಿನಲ್ಲಿ ಮಾತು ಸಾಗಿಸೋದು ಓಪಸ್ ಅನ್ನೋ ಒಂದು ವಿದ್ಯೆ, 2012ರದ್ದು. ಸೆಕೆಂಡಿಗೆ 6 ಕಿಲೋಬಿಟ್ ಸಿಕ್ಕರೂ ಅದು ಹೇಗೋ ಮಾತು ದಾಟಿಸುತ್ತೆ. ಅದಕ್ಕಿಂತ ದೊಡ್ಡ ಸೋಜಿಗ ಅಂದ್ರೆ, ದಾರಿಯಲ್ಲಿ ಒಂದು ಚೂರು ಮಾತು ಕಳೆದುಹೋದರೆ ಹಿಂದಿನ ಸದ್ದು ನೋಡಿ ಹೀಗಿದ್ದಿರಬಹುದು ಅಂತ ಊಹಿಸಿ ಅದೇ ತುಂಬಿಕೊಳ್ಳುತ್ತಂತೆ. ಸಾಹೇಬರೂ ಅದನ್ನೇ ಮಾಡ್ತಿದ್ದರು. ಆ ಕಡೆಯಿಂದ "ಗರ್‌ರ್ ಪೆಂಡಿಂಗ್ ಗರ್‌ರ್ ಯಾಕೆ ಗರ್‌ರ್" ಅಂತ ಬಂತು. ಈ ಕಡೆಯಿಂದ "ಈ ವಾರದಲ್ಲಿ ಕ್ಲಿಯರ್ ಮಾಡ್ತೀವಿ ಸಾರ್." ಎಷ್ಟು ಚೆನ್ನಾಗಿ ತುಂಬಿಕೊಂಡರು ನೋಡಿ!

ಅವರನ್ನು ಆಡಿಕೊಂಡು ಏನು ಮಾಡೋದು. ಬಾಗಿಲು ಅರ್ಧ ತೆರೆದಾಗ ಕಂಡೆ. ಮೂರು ಗಂಟೆಯಾದರೂ ಊಟದ ಡಬ್ಬಿ ಮುಚ್ಚಳ ತೆಗೆದಿರಲಿಲ್ಲ. ಬೆಳಿಗ್ಗೆ ಶೀಟಿನಲ್ಲಿ ತುಂಬಿಸಿದ ಅಂಕಿಯನ್ನೇ ಮಧ್ಯಾಹ್ನ ಬಾಯಲ್ಲಿ ಓದಿ ಹೇಳಬೇಕು. ಸಂಜೆ ಅದನ್ನೇ ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಮೊದಲು ವೀಸಿ ಅಂದ್ರೆ ಜಿಲ್ಲಾ ಕೇಂದ್ರದಲ್ಲಿ ಒಂದು ಕೋಣೆ, ಒಂದು ದೊಡ್ಡ ಟಿವಿ, ತಿಂಗಳಿಗೊಮ್ಮೆ ಕಾರು ಹತ್ತಿಕೊಂಡು ಹೋಗಿ ಬರೋದು. ಈಗ ಲಿಂಕ್ ಕಳಿಸೋಕೆ ಖರ್ಚಿಲ್ಲ ನೋಡಿ, ಅದಕ್ಕೇ ದಿನಕ್ಕೆ ಮೂರು.

ಮಾತು ಈ ಬಾಯಿಂದ ಆ ಕಿವಿಗೆ 150 ಮಿಲಿಸೆಕೆಂಡಿನೊಳಗೆ ಮುಟ್ಟಿದರೆ ಒಳ್ಳೆಯದು ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿದೆ. ಅದಕ್ಕಿಂತ ತಡವಾದರೆ ಮನುಷ್ಯನಿಗೆ ಕಿರಿಕಿರಿ ಶುರುವಾಗಬಹುದಂತೆ. ಒಂದು ಸೆಕೆಂಡಿನ ಏಳನೇ ಒಂದು ಭಾಗ! ಇಷ್ಟು ಚಿಕ್ಕ ತಡಕ್ಕೆ ಲೋಕದ ಇಂಜಿನಿಯರುಗಳೆಲ್ಲ ತಲೆ ಕೆಡಿಸಿಕೊಂಡಿದ್ದಾರೆ. ಇಲ್ಲಿ ನಾಲ್ಕು ವರ್ಷದಿಂದ ಒಂದು ಖಾತೆ ಬದಲಾಗಿಲ್ಲ. ಈ ಮುದುಕಿ ಎರಡು ಬಸ್ಸು ಹಿಡಿದು ಬರ್ತಾಳೆ, ಬಂದು ಬೆಂಚಿನ ಮೇಲೆ ಕೂರ್ತಾಳೆ, ಎದ್ದು ಹೋಗ್ತಾಳೆ. ಅವಳ ಕಿರಿಕಿರಿಗೆ ಯಾರ ಶಿಫಾರಸೂ ಇಲ್ಲ. ನನಗೆ ಸಿಟ್ಟು ಬಂದಿದ್ದು ಇಲ್ಲಿ. ಆ್ಯಪ್ ಬೇಡ, ಸ್ಟುಡಿಯೊ ಬೇಡ, ಒಂದು ಲಿಂಕ್ ಸಾಕು ಅಂತೀರಲ್ಲ, ಆ ಲಿಂಕು ಯಾವತ್ತೂ ಮೇಲಕ್ಕೇ ಯಾಕೆ ಹೋಗುತ್ತೆ? ಬೆಂಚಿನ ಕಡೆಗೆ ಒಂದು ಲಿಂಕ್ ಬಿಡಿ. ದಿನಕ್ಕೆ ಅರ್ಧ ಗಂಟೆ. ಆಗಲ್ಲ ಅಂದ್ರೆ ಬಾಗಿಲು ತೆಗೆದಿಡಿ, ಅದಕ್ಕೆ ಸಿಗ್ನಲ್ಲೂ ಬೇಡ.

ನಾಲ್ಕೂಕಾಲು ಗಂಟೆಗೆ ಅಜ್ಜಿ ಎದ್ದಳು. ಬಸ್ಸಿನ ಹೊತ್ತಾಗಿತ್ತು.

"ನಾಳಿದ್ದು ಬರ್ತೀನಿ ಮಗಾ. ಸಾಹೇಬ್ರು ವೀಸಿಗೆ ಹೊರಡೋ ಮುಂಚೆ ಒಂದು ಫೋನ್ ಹಾಕು. ಅಂಗಡಿ ನಂಬರ್ ಕೊಡ್ತೀನಿ, ಬರ್ಕೋ."

ಅಟೆಂಡರ್ ಈ ಸಲ ನಗಲಿಲ್ಲ. ಕಿವಿಯ ಮೇಲಿದ್ದ ಪೆನ್ನು ತೆಗೆದು ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡ. ಅಲ್ಲಿ ಆಗಲೇ ಹತ್ತಾರು ನಂಬರುಗಳಿದ್ದವು. ಕ್ಯಾಲೆಂಡರು ಹೋದ ವರ್ಷದ್ದು.