ಅಡಿಕೆ ಲೆಕ್ಕಕ್ಕೆ ಲ್ಯಾಂಬ್ಡಾ ಬೇಕಾ?

ಪರ: ಒಂದು ಸಾಲಿನ ಕೆಲಸಕ್ಕೆ ಕ್ಲಾಸ್ ಯಾಕೆ?

ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲ್ಯಾಂಬ್ಡಾ ಎಂದರೆ ಹೆಸರಿಡದೆ, ಬೇಕಾದ ಜಾಗದಲ್ಲೇ ಬರೆಯುವ ಚಿಕ್ಕ ಕೋಡ್. ಅದು ಕೂರುವ ಜಾಗದ ಟೈಪೇ ಫಂಕ್ಷನಲ್ ಇಂಟರ್‌ಫೇಸ್. ಇವುಗಳ ಪರವಾಗಿ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ಫಂಕ್ಷನಲ್ ಇಂಟರ್‌ಫೇಸ್ ಎಲ್ಲ ಕಡೆಯೂ ಇರಬೇಕು ಎಂದು ನಾನು ಹೇಳುವುದಿಲ್ಲ. ಆದರೆ ಪಟ್ಟಿಯನ್ನು ಜೋಡಿಸುವ, ಸೋಸುವ ಕೆಲಸಕ್ಕೆ ಅದು ಬೇಕೇ ಬೇಕು.

ಒಂದೇ ಒಂದು ಅಬ್‌ಸ್ಟ್ರಾಕ್ಟ್ ಮೆಥಡ್ (ಹೆಸರಷ್ಟೇ ಇದ್ದು ಒಳಗೆ ಕೋಡ್ ಇಲ್ಲದ್ದು) ಇರುವ ಇಂಟರ್‌ಫೇಸ್ ಅದು. ರನ್ನಬಲ್, ಕಂಪ್ಯಾರೇಟರ್ ಜಾವಾದಲ್ಲಿ ಹಿಂದಿನಿಂದಲೂ ಇದ್ದವು. 2014ರ ಮಾರ್ಚ್‌ನಲ್ಲಿ ಜಾವಾ 8 ಬಂತು. ಆಮೇಲೆ ಅಂಥ ಕಡೆ ನೇರವಾಗಿ ಲ್ಯಾಂಬ್ಡಾ ಬರೆಯಬಹುದಾಯಿತು. ಜೊತೆಗೆ ಪ್ರೆಡಿಕೇಟ್, ಸಪ್ಲೈಯರ್, ಕನ್ಸ್ಯೂಮರ್ ಅಂತ 43 ಸಿದ್ಧ ಇಂಟರ್‌ಫೇಸ್‌ಗಳು ಒಂದೇ ಪ್ಯಾಕೇಜ್‌ನಲ್ಲಿ ಬಂದವು.

ಅದಕ್ಕೂ ಮೊದಲು ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಲಾಟುಗಳನ್ನು ದರದ ಪ್ರಕಾರ ಜೋಡಿಸಬೇಕೆಂದರೆ ಹೆಸರಿಲ್ಲದ ಒಂದು ಕ್ಲಾಸ್ ಬರೆಯಬೇಕಿತ್ತು. ಐದಾರು ಸಾಲು. ಅದರಲ್ಲಿ ಕೆಲಸ ಮಾಡುವ ಸಾಲು ಒಂದೇ. ಈಗ ಆ ಒಂದು ಸಾಲು ಬರೆದರೆ ಸಾಕು. ನಾಳೆ ತೂಕದ ಪ್ರಕಾರ ಬೇಕೆಂದರೆ ಇನ್ನೊಂದು ಲ್ಯಾಂಬ್ಡಾ ಕೊಟ್ಟರಾಯಿತು. ಜೋಡಿಸುವ ಕೋಡನ್ನು ಮುಟ್ಟಬೇಕಿಲ್ಲ.

ಡೀಬಗ್, ಅಂದರೆ ಕೋಡಿನ ತಪ್ಪು ಹುಡುಕುವುದು, ಕಷ್ಟ ಅಂತಾರೆ. ಅಭ್ಯಾಸವಾದರೆ ಸರಿಹೋಗುತ್ತದೆ. ಎಲ್ಲದಕ್ಕೂ ಒಂದೊಂದು ಕ್ಲಾಸ್ ಮಾಡುತ್ತಾ ಹೋದರೆ ಫೈಲುಗಳೇ ಜಾಸ್ತಿಯಾಗುತ್ತವೆ, ಅಲ್ವಾ?

ವಿರೋಧ: ಹೆಸರಿಲ್ಲದ ಕೋಡ್ ನನಗೆ ಬೇಡ

ಸಾಲು ಉಳಿಯುತ್ತದೆ ಅಂತಾರೆ. ಉಳಿದ ಸಾಲನ್ನು ಏನು ಮಾಡುವುದು? ಕೋಡ್ ಬರೆಯುವುದು ಒಂದು ಸಲ, ಓದುವುದು ನೂರು ಸಲ. ಓದುವವರಿಗೆ ಬೇಕಾದದ್ದು ಹೆಸರು. ಲ್ಯಾಂಬ್ಡಾಗೆ ಹೆಸರೇ ಇರುವುದಿಲ್ಲ.

ಸಾಗರದ ಕಡೆಯ ಒಂದು ಅಡಿಕೆ ಮಂಡಿಗೆ ನಾವು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ಬಿಲ್ ಮಾಡುವ ಮೆಥಡ್‌ಗೆ ಎರಡು ಫಂಕ್ಷನ್ ಕೊಡಬೇಕಿತ್ತು. ಒಂದು ತೂಕದಿಂದ ಗೋಣಿಚೀಲದ 1 ಕೆ.ಜಿ. ಕಳೆಯುತ್ತದೆ. ಇನ್ನೊಂದು ಹಣದಿಂದ ಖರ್ಚಿಗೆಂದು ಶೇ. 2 ಮುರಿದುಕೊಳ್ಳುತ್ತದೆ. ಎರಡರ ಟೈಪೂ ಒಂದೇ: ಡಬಲ್ (ದಶಮಾಂಶ ಸಂಖ್ಯೆಯ ಟೈಪ್) ಕೊಟ್ಟರೆ ಡಬಲ್ ಬರುತ್ತದೆ. ಒಂದು ಸಂಜೆ ಏನನ್ನೋ ತಿದ್ದುವಾಗ ನಾನು ಅವೆರಡನ್ನು ಅದಲುಬದಲು ಮಾಡಿಬಿಟ್ಟೆ. ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವಾಗ ಟೈಪ್ ತಪ್ಪು ಹಿಡಿಯುವ ಕಂಪೈಲರ್ ತುಟಿಪಿಟಕ್ ಎನ್ನಲಿಲ್ಲ.

65 ಕೆ.ಜಿ. ತೂಗುವ ಚೀಲ, ಕೆ.ಜಿ.ಗೆ 500 ರೂಪಾಯಿ ದರ ಎಂದಿಟ್ಟುಕೊಳ್ಳಿ. ಅದಲುಬದಲಾದರೆ ತೂಕದಲ್ಲಿ ಶೇ. 2, ಹಣದಲ್ಲಿ 1 ರೂಪಾಯಿ ಹೋಗುತ್ತದೆ. 31,360 ರೂಪಾಯಿ ಬರಬೇಕಾದ ಕಡೆ 31,849 ಬರುತ್ತದೆ. ನೋಡಿದರೆ ಯಾರಿಗೂ ಅನುಮಾನ ಬರುವಂಥ ಮೊತ್ತವಲ್ಲ. ಹೀಗೇ ಎರಡು ದಿನ ಬಿಲ್ ಹೋಯಿತು.

ಕಂಡುಹಿಡಿದವರು ಮಂಡಿಯ ಹಳೇ ರೈಟರ್. ಅವರು ಬಿಲ್ಲಿನ ಹಿಂದೆ ಪೆನ್ಸಿಲ್‌ನಲ್ಲಿ ಗುಣಿಸಿ ನೋಡುತ್ತಿದ್ದರು. ರಾತ್ರಿ ಒಂಬತ್ತಕ್ಕೆ ಫೋನ್ ಬಂತು. ಹೊರಗೆ ಆರಿದ್ರಾ ಮಳೆ, ಕರೆಂಟ್ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಉಳಿದಿದ್ದ ಚಾರ್ಜ್‌ನಲ್ಲೇ ಹುಡುಕಲು ಕೂತೆ. ಎರರ್ ಇಲ್ಲ, ಎಲ್ಲಿ ತಪ್ಪಾಯಿತು ಎಂದು ತೋರಿಸುವ ಸ್ಟ್ಯಾಕ್ ಟ್ರೇಸ್ ಇಲ್ಲ. ಕೋಡನ್ನು ಮಧ್ಯೆ ನಿಲ್ಲಿಸಿ ನೋಡಲು ಬ್ರೇಕ್‌ಪಾಯಿಂಟ್ ಇಟ್ಟರೆ ಎರಡು ಕಡೆಯೂ ಲ್ಯಾಂಬ್ಡಾ ಅಂತ ಒಂದು, ಪಕ್ಕದಲ್ಲಿ ಒಂದು ನಂಬರು. ಯಾವುದು ಚೀಲದ್ದು, ಯಾವುದು ಖರ್ಚಿನದ್ದು ಎಂದು ಅದು ಹೇಳುವುದಿಲ್ಲ. ಸಿಕ್ಕಾಗ ಹನ್ನೊಂದೂವರೆ.

ಜಾಸ್ತಿ ಹೋದ ದುಡ್ಡನ್ನು ಬೆಳೆಗಾರರಿಂದ ವಾಪಸ್ ಕೇಳುವ ಕೆಲಸ ಆ ರೈಟರಿಗೇ ಬಂತು. ಹೊಸನಗರದ ಕಡೆಯವರೊಬ್ಬರು ಅಡಿಕೆ ಮಾರಿದ ದುಡ್ಡನ್ನು ಆಗಲೇ ಸಾಲಕ್ಕೆ ಕಟ್ಟಿದ್ದರು. ಅವರ ಮುಂದೆ ರೈಟರು ತಲೆ ತಗ್ಗಿಸಿ ನಿಂತಿದ್ದನ್ನು ನಾನು ನೋಡಿದೆ. ರೈಟರ ತಪ್ಪು ಏನೂ ಇರಲಿಲ್ಲ.

ನಿಮ್ಮದೇ ಹೆಸರಿನ ಫಂಕ್ಷನಲ್ ಇಂಟರ್‌ಫೇಸ್ ಬರೆದುಕೊಳ್ಳಿ ಎನ್ನಬಹುದು. ಅದರಿಂದಲೂ ಪ್ರಯೋಜನವಿಲ್ಲ. ಲ್ಯಾಂಬ್ಡಾವನ್ನು ಕೊಡುವ ಜಾಗದಲ್ಲೇ ಬರೆದರೆ ಅದು ಅಲ್ಲಿರುವ ಟೈಪಿಗೆ ಸುಮ್ನೆ ಹೊಂದಿಕೊಂಡುಬಿಡುತ್ತದೆ. ತಪ್ಪು ಜಾಗದಲ್ಲಿ ಬರೆದರೂ ಹೊಂದಿಕೊಳ್ಳುತ್ತದೆ.

ಮಾರನೆಯ ದಿನ ಎರಡು ಕ್ಲಾಸ್ ಬರೆದೆ. ಒಂದಕ್ಕೆ ಚೀಲಕಡಿತ, ಇನ್ನೊಂದಕ್ಕೆ ಮಂಡಿಖರ್ಚು ಎಂದು ಹೆಸರಿಟ್ಟೆ. ಬಿಲ್ ಮೆಥಡ್ ಈಗ ಅವನ್ನೇ ಕೇಳುತ್ತದೆ. ಅದಲುಬದಲು ಕೊಟ್ಟರೆ ಕಂಪೈಲೇ ಆಗುವುದಿಲ್ಲ. ಹದಿನಾಲ್ಕು ಸಾಲು ಜಾಸ್ತಿಯಾಯಿತು. ಆಗಲಿ.