ಸಮುದ್ರ ಇಲ್ಲಿಯದೇ, ಆಧಾರ್ ಎಲ್ಲಿಯದು?

ಮುರುಡೇಶ್ವರದಲ್ಲಿ ಹೆದ್ದಾರಿ ಬಿಟ್ಟು ದೇವಸ್ಥಾನದ ರಸ್ತೆಗೆ ಹೊರಳಿದರೆ 123 ಅಡಿಯ ಶಿವನಿಗಿಂತ ಮೊದಲು ಸ್ಕೂಬಾ ದರ್ಶನ ಆಗುತ್ತದೆ. ಕರೆಂಟ್ ಕಂಬ, ಲಾಡ್ಜಿನ ಗೋಡೆ, ಆಟೋದ ಬೆನ್ನು, ಎಳನೀರಿನ ಗಾಡಿ, ಎಲ್ಲ ಕಡೆ ಅದೇ ಬ್ಯಾನರ್: ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಮುಳುಗುವ ಸ್ಕೂಬಾ ಡೈವಿಂಗ್. ಕಪ್ಪು ರಬ್ಬರ್ ಬಟ್ಟೆ ತೊಟ್ಟ ಗಂಡ ಹೆಂಡತಿ ನೀರೊಳಗೆ ಹೆಬ್ಬೆರಳು ಎತ್ತಿ ಖುಷಿಯಾಗಿದ್ದಾರೆ. (ನೀರೊಳಗೆ ಹೆಬ್ಬೆರಳು ಎತ್ತಿದರೆ ‘ಸಾಕು, ಮೇಲೆ ಕರ್ಕೊಂಡು ಹೋಗಿ’ ಎಂದು ಅರ್ಥ. ಬ್ಯಾನರ್ ಮಾಡಿದವನಿಗೆ ಯಾರೂ ಹೇಳಿಲ್ಲ ಅಂತ ಕಾಣುತ್ತದೆ.) ಕೆಳಗೆ ‘ಈಜು ಬರಬೇಕಿಲ್ಲ’ ಎಂಬ ಅಭಯ. ಅದರ ಕೆಳಗೆ ಆರು ಸಾವಿರಕ್ಕೆ ಕೆಂಪು ಗೀಟು, ಪಕ್ಕದಲ್ಲಿ ಐದು ಸಾವಿರ. ಆ ಆರು ಸಾವಿರ ಕೊಟ್ಟ ಮನುಷ್ಯನನ್ನು ಊರಲ್ಲಿ ಯಾರೂ ನೋಡಿಲ್ಲ. ಗೀಟಿನ ಸಮೇತವೇ ಹುಟ್ಟಿದ ಅಂಕಿ ಅದು.

ಕಟ್ಟಕಡೆಗೆ, ಬಗ್ಗಿ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಸ್ಥಳೀಯರಿಗೆ ವಿಶೇಷ ರಿಯಾಯಿತಿ. ಷರತ್ತುಗಳು ಅನ್ವಯ.

ಈ ಷರತ್ತು ಎಂಥದ್ದು ಅಂತ ತಿಳಿಯಬೇಕಾದರೆ ಯಾವುದಾದರೂ ಕೌಂಟರಿನ ಪಕ್ಕ ಅರ್ಧ ಗಂಟೆ ಸುಮ್ನೆ ನಿಂತರೆ ಸಾಕು. ಅವತ್ತು ನನ್ನ ಮುಂದಿದ್ದವರು ಐವತ್ತರ ಆಸುಪಾಸಿನವರು. ಹೆಂಡತಿ, ಇಬ್ಬರು ಮಕ್ಕಳು, ಹೊಸ ಬರ್ಮುಡಾ, ತಲೆಗೊಂದು ಟೋಪಿ. ಮಾತು ಮಾತ್ರ ಅಪ್ಪಟ ಕರಾವಳಿ.

“ತಮಾ, ನಾವು ಲೋಕಲ್ಲೇ. ಲೋಕಲ್ ರೇಟ್ ಹಾಕು.”

“ಊರು ಎಲ್ಲಾಯ್ತು ಸರ್?”

“ಇಲ್ಲೇ ಶಿರಾಲಿ ಮಾರಾಯ. ನಮ್ಮ ಅಜ್ಜನ ಮನೆ ಅಂಗಳದಲ್ಲಿ ನಿಂತು ಕೂಗಿದ್ರೆ ನಿಂಗೆ ಕೇಳ್ತದೆ.”

“ಆಧಾರ್ ಕೊಡಿ ಸರ್.”

ಆಧಾರ್ ಬಂತು. ಹುಡುಗ ಅದನ್ನು ಮಗುಚಿ ಹಿಂಬದಿ ಓದಿದ. “ಇದ್ರಲ್ಲಿ ಜೆ.ಪಿ. ನಗರ ಏಳನೇ ಹಂತ ಅಂತ ಉಂಟಲ್ಲ ಸರ್.”

“ಅದು ಕೆಲಸಕ್ಕೆ ಹೋದದ್ದು. ಹುಟ್ಟಿದ್ದು ಶಿರಾಲಿಯಲ್ಲೇ.”

“ಹುಟ್ಟಿದ್ದಕ್ಕೆ ಡಿಸ್ಕೌಂಟ್ ಇಲ್ಲ ಸರ್. ಅಡ್ರೆಸ್‌ಗೆ ಮಾತ್ರ.”

ಆ ಮನುಷ್ಯ ಅಷ್ಟಕ್ಕೆ ಬಿಡಲಿಲ್ಲ. ಸೋಡಿಗದ್ದೆ ಜಾತ್ರೆ ಯಾವಾಗ ಅಂತ ಹೇಳಿದರು. ಕಾಯ್ಕಿಣಿಯಲ್ಲಿರುವ ಅತ್ತೆಯ ಹೆಸರು, ಆ ಅತ್ತೆಯ ಮಗ ಓದಿದ ಶಾಲೆ, ಆ ಶಾಲೆಯಲ್ಲಿದ್ದ ಕನ್ನಡ ಮೇಷ್ಟ್ರ ಹೆಸರು ಎಲ್ಲ ಬಂತು. ಹುಡುಗನಿಗೂ ಅದೇ ಮೇಷ್ಟ್ರು. ಇಬ್ಬರೂ ಸೇರಿ ಮೇಷ್ಟ್ರ ಬೆತ್ತವನ್ನು ನೆನೆದು ನಕ್ಕರು. ನಗು ಮುಗಿದ ಮೇಲೆ ಹುಡುಗ ಬಿಲ್ ಹರಿದ. ತಲೆಗೆ ಐದು ಸಾವಿರ.

ಅದೇ ಹೊತ್ತಿಗೆ ಒಳಗಿಂದ ಇನ್‌ಸ್ಟ್ರಕ್ಟರ್ ಬಂದ. ಪುಣೆಯವನು. ಬಂದು ಎರಡು ಸೀಸನ್ ಆಗಿದೆಯಂತೆ. ಬಾಡಿಗೆ ಕರಾರು ತೋರಿಸಿ ಆಧಾರ್ ವಿಳಾಸ ಇಲ್ಲಿಗೆ ಬದಲಿಸಿಕೊಂಡಿದ್ದಾನೆ. ಹಾಗಾಗಿ ಆ ಕೌಂಟರಿನ ಮುಂದೆ ನೆರೆದ ಗುಂಪಿನಲ್ಲಿ ಕಾಗದದ ಪ್ರಕಾರ ಲೋಕಲ್ ಅಂತ ಇದ್ದವನು ಅವನೊಬ್ಬನೇ. ಅವನಿಗೆ ಬರುವ ಕನ್ನಡ ‘ಉಸಿರು ತಗೊಳ್ಳಿ’, ‘ಉಸಿರು ಬಿಡಿ’, ‘ಹೆದರ್ಬೇಡಿ’. ನೀರಿನ ಕೆಳಗೆ ಬದುಕುವುದಕ್ಕೆ ಇಷ್ಟು ಕನ್ನಡ ಧಾರಾಳ ಸಾಕು, ಅದು ಬೇರೆ ಮಾತು.

ಸರಿ, ಆಧಾರ್ ಬೇಡ, ಜಿಲ್ಲೆ ನೋಡೋಣ ಅನ್ನಿ. ಆಗ ಇನ್ನೂ ಮಜಾ. ಉತ್ತರ ಕನ್ನಡದವರೆಲ್ಲ ಸ್ಥಳೀಯರು ಎಂದರೆ ಹಳಿಯಾಳದವರು ಲೋಕಲ್. ಅಲ್ಲಿಂದ ಮುರುಡೇಶ್ವರಕ್ಕೆ ನೂರೈವತ್ತು ಕಿಲೋಮೀಟರಿಗೂ ಜಾಸ್ತಿ, ನಡುವೆ ಇಡೀ ಘಟ್ಟ ಇಳಿಯಬೇಕು, ಊರಲ್ಲಿ ಸಮುದ್ರ ಅಂತ ಇರುವುದು ಕ್ಯಾಲೆಂಡರಿನ ಚಿತ್ರದಲ್ಲಿ. ಇತ್ತ ಬೈಂದೂರಿನವರು ಭಟ್ಕಳ ದಾಟಿದರೆ ಬಂದೇ ಬಿಟ್ಟರು. ಅದೇ ಅಲೆ, ಅದೇ ಬಂಗುಡೆ, ಅದೇ ಮಾತು. ಆದರೆ ಅವರು ಉಡುಪಿ ಜಿಲ್ಲೆ, ಹಾಗಾಗಿ ಹೊರಗಿನವರು. ಜಿಲ್ಲೆಯ ಗಡಿ ಗೆರೆ ಹಾಕಿದವರು ಮುಂದೊಂದು ದಿನ ಇಲ್ಲಿ ಜನ ದುಡ್ಡು ಕೊಟ್ಟು ಮುಳುಗುತ್ತಾರೆ ಅಂತ ಕನಸಲ್ಲೂ ಅಂದುಕೊಂಡಿರಲಿಕ್ಕಿಲ್ಲ.

ಹೆದ್ದಾರಿ ಟೋಲ್‌ನವರ ಲೆಕ್ಕ ಒಂದಿದೆ. ಟೋಲ್ ಗೇಟಿನಿಂದ 20 ಕಿಲೋಮೀಟರ್ ಒಳಗೆ ಮನೆ ಇದ್ದರೆ ಸ್ವಂತ ಕಾರಿಗೆ ತಿಂಗಳ ಪಾಸ್. ಅದನ್ನೇ ಇಲ್ಲಿ ತಂದರೆ ಭಟ್ಕಳ ಒಳಗೆ, ಹೊನ್ನಾವರ ಹೊರಗೆ. ಅಳತೆಯನ್ನು ಕೌಂಟರಿನಿಂದ ಹಿಡಿಯಬೇಕೋ, ಮುಳುಗುವ ಜಾಗದಿಂದ ಹಿಡಿಯಬೇಕೋ ಎಂಬ ಪ್ರಶ್ನೆ ಬೇರೆ ಏಳುತ್ತದೆ. ಮುಳುಗುವುದು ನೇತ್ರಾಣಿ ದ್ವೀಪದ ಹತ್ತಿರ. ದಡದಿಂದ ಸುಮಾರು 19 ಕಿಲೋಮೀಟರ್. ಆ ದ್ವೀಪದಿಂದ ಅಳೆದರೆ ಮುರುಡೇಶ್ವರದವರೇ ಕೂದಲೆಳೆಯಲ್ಲಿ ಪಾಸಾಗುತ್ತಾರೆ. ಯಾವ ತಕರಾರೂ ಇಲ್ಲದೆ ಪಾಸಾಗುವುದು ದ್ವೀಪದ ಮೇಲಿನ ಆಡುಗಳು. ಮೀನುಗಾರರು ಅಲ್ಲಿನ ಜಟಗ ದೇವರಿಗೆ ಹರಕೆ ಹೊತ್ತು ಬಿಟ್ಟವುಗಳ ಸಂತತಿ ಅದು. ಅಲ್ಲಿ ಮನುಷ್ಯರು ವಾಸ ಇಲ್ಲ. ಅಂದರೆ ನೇತ್ರಾಣಿಯ ಖಾಯಂ ನಿವಾಸಿಗಳು ಅಂತ ಕಂದಾಯ ಇಲಾಖೆ ಲೆಕ್ಕ ಹಾಕಿದರೆ ಪಟ್ಟಿಯಲ್ಲಿ ಬರುವುದು ಆಡುಗಳೇ. ಅವುಗಳಿಗೆ ಆಧಾರ್ ಆಗಿಲ್ಲ, ಅಷ್ಟೇ. ಇದೇ ದ್ವೀಪವನ್ನು ನೌಕಾಪಡೆ ವರ್ಷಗಟ್ಟಲೆ ಗುಂಡಿನ ಗುರಿಯ ಅಭ್ಯಾಸಕ್ಕೆ ಬಳಸಿತ್ತು. ಅವರಿಗೆ ಯಾವ ರೇಟ್ ಅಂತ ಯಾವ ಕೌಂಟರೂ ಕೇಳಲಿಲ್ಲ.

ಈ ರೋಗ ನಮ್ಮೂರಿನದು ಮಾತ್ರ ಅಲ್ಲ. ಅಮೆರಿಕದ ಹವಾಯಿಯಲ್ಲಿ ಡೈವಿಂಗ್ ಅಂಗಡಿಯಿಂದ ಹಿಡಿದು ಹೋಟೆಲ್ ತನಕ ‘ಕಾಮಾಐನಾ’ ರೇಟ್ ಅಂತ ಇದೆ. ಆ ರಾಜ್ಯದ ಡ್ರೈವಿಂಗ್ ಲೈಸೆನ್ಸ್ ತೋರಿಸಿದರೆ ಬೆಲೆ ಇಳಿಯುತ್ತದೆ. ಅಲ್ಲಿನ ಹನೌಮಾ ಕೊಲ್ಲಿಯಲ್ಲಿ ಮೀನು ನೋಡಲು ನೀರಿಗಿಳಿಯುವ ಹೊರಗಿನವರಿಗೆ 25 ಡಾಲರ್ ಪ್ರವೇಶ ಶುಲ್ಕ, ಅಲ್ಲಿಯವರಿಗೆ ಫ್ರೀ. ಅಂಡಮಾನಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುವ ಸರ್ಕಾರಿ ಹಡಗಿನಲ್ಲಿ ದ್ವೀಪದವರಿಗೊಂದು ಟಿಕೆಟ್, ಉಳಿದವರಿಗೊಂದು. ಅದು ನ್ಯಾಯವೇ. ಅವರಿಗೆ ಹಡಗು ಎಂದರೆ ನಮಗೆ ಸಿಟಿ ಬಸ್ ಇದ್ದ ಹಾಗೆ, ಆಸ್ಪತ್ರೆಗೂ ಅದರಲ್ಲೇ ಹೋಗಬೇಕು.

ಆದರೆ ಕಲೆ ಅಂತ ನೋಡಬೇಕಾದರೆ ಥಾಯ್ಲೆಂಡಿಗೇ ಹೋಗಬೇಕು. ಡೈವಿಂಗಿಗೆ ಹೆಸರಾದ ಸಿಮಿಲಾನ್ ದ್ವೀಪಗಳ ರಾಷ್ಟ್ರೀಯ ಉದ್ಯಾನದಲ್ಲಿ ಪರದೇಶದವರಿಗೆ 500 ಬಾತ್, ಥಾಯ್ ಜನರಿಗೆ 100. ಇಂಥ ಉದ್ಯಾನಗಳ ಎಷ್ಟೋ ಫಲಕಗಳಲ್ಲಿ ಪರದೇಶಿ ದರ ಎಲ್ಲರಿಗೂ ಗೊತ್ತಾಗುವ ಅಂಕಿಯಲ್ಲಿ, ಸ್ವದೇಶಿ ದರ ಥಾಯ್ ಅಂಕಿಯಲ್ಲಿ. ಓದಲು ಬಂದರೆ ತಾನೇ ಹೊಟ್ಟೆ ಉರಿಯುವುದು?

ಇದನ್ನು ನಾವೂ ಮಾಡಬಹುದಲ್ಲ ಅಂತ ಯಾರಿಗಾದರೂ ಅನಿಸಬಹುದು. ಸ್ಥಳೀಯ ದರವನ್ನು ‘೩೫೦೦’ ಎಂದು ಕನ್ನಡ ಅಂಕಿಯಲ್ಲಿ ಬರೆದುಬಿಟ್ಟರೆ ಆಯ್ತು, ಓದಿದವನಿಗೆ ರಿಯಾಯಿತಿ. ಬೇಡ. ಮೊದಲು ಸಿಕ್ಕಿಬೀಳುವವರು ನಾವೇ. ಕನ್ನಡ ಅಂಕಿಯ ನಂಬರ್ ಪ್ಲೇಟ್ ಕಂಡರೆ ಮೂರು ಯಾವುದು, ಆರು ಯಾವುದು, ಒಂಬತ್ತು ಯಾವುದು ಅಂತ ತಡವರಿಸುವ ಜನ ನಾವು. ಕೌಂಟರಿನಲ್ಲಿ ‘ಆರು ಸಾವಿರದ ಐನೂರು ಅಲ್ವಾ?’ ಅಂತ ಕೇಳಿ, ಜಾಸ್ತಿ ದುಡ್ಡು ಕೊಟ್ಟು, ಕನ್ನಡಾಭಿಮಾನದಿಂದ ಸೆಲ್ಫಿ ತೆಗೆಸಿಕೊಂಡು ಬರುತ್ತೇವೆ.

ಸರ್ಕಾರದ ಲೆಕ್ಕವೂ ಇದಕ್ಕಿಂತ ನೆಟ್ಟಗಿಲ್ಲ. ಹಂಪಿಯ ವಿಠ್ಠಲ ದೇವಾಲಯ ನೋಡಲು ಭಾರತೀಯರಿಗೆ 40 ರೂಪಾಯಿ, ವಿದೇಶದವರಿಗೆ 600. ಆದರೆ ಸಾರ್ಕ್ ಮತ್ತು ಬಿಮ್ಸ್ಟೆಕ್ ಎಂಬ ನೆರೆಹೊರೆ ದೇಶಗಳ ಕೂಟಗಳವರಿಗೂ ನಮ್ಮದೇ ರೇಟ್. ಬಿಮ್ಸ್ಟೆಕ್‌ನಲ್ಲಿ ಥಾಯ್ಲೆಂಡೂ ಇದೆ. ಅಂದರೆ ಸಿಮಿಲಾನಿಗೆ ಹೋದ ಹೊಸಪೇಟೆಯ ಮನುಷ್ಯ 500 ಬಾತ್ ಕೊಟ್ಟು ಪರದೇಶಿಯಾಗುತ್ತಾನೆ. ಅಲ್ಲಿಂದ ಹಂಪಿಗೆ ಬಂದ ಥಾಯ್ ಪ್ರಜೆ 40 ರೂಪಾಯಿ ಕೊಟ್ಟು ಹೊಸಪೇಟೆಯವನಾಗುತ್ತಾನೆ.

ಮುರುಡೇಶ್ವರಕ್ಕೆ ವಾಪಸ್ ಬರೋಣ. ನಿಜವಾದ ತಮಾಷೆ ಇರುವುದು ಕ್ಯಾಲೆಂಡರಿನಲ್ಲಿ. ಇಲ್ಲಿ ಸ್ಕೂಬಾ ಶುರುವಾಗುವುದು ಮಳೆ ನಿಂತ ಮೇಲೆ, ಹೆಚ್ಚುಕಡಿಮೆ ಅಕ್ಟೋಬರಿನಿಂದ. ಮೇ ಮುಗಿಯುವ ಹೊತ್ತಿಗೆ ಅಂಗಡಿ ಬಾಗಿಲು. ಈಗ ಊರಿನವರ ಕೆಲಸ ನೋಡಿ. ಮೀನುಗಾರರಿಗೆ ಅದೇ ತಿಂಗಳುಗಳಲ್ಲಿ ಮೈಮುರಿ ದುಡಿಮೆ. ಲಾಡ್ಜ್ ಹುಡುಗರು, ಅಡುಗೆಯವರು, ಆಟೋದವರು, ಶಂಖ ಮಾರುವವರು, ಹೂವಿನ ಅಂಗಡಿಯವರು, ಎಲ್ಲರಿಗೂ ದಸರಾ ರಜೆಯಿಂದ ಬೇಸಿಗೆ ರಜೆ ತನಕ ತಲೆ ಕೆರೆದುಕೊಳ್ಳಲು ಪುರುಸೊತ್ತಿಲ್ಲ. ಪುರುಸೊತ್ತು ಸಿಗುವುದು ಜೂನ್ ಒಂದಕ್ಕೆ. ಅವತ್ತಿನಿಂದ ಜುಲೈ ಕೊನೆಯ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಪ್ರವಾಸಿಗರಿಲ್ಲ, ಲಾಡ್ಜ್ ಖಾಲಿ, ಬಲೆ ಹೊಲಿಯುತ್ತಾ ಕೂರುವುದು. ಕೈಯಲ್ಲಿ ಸೀಸನ್ನಿನ ನಾಲ್ಕು ಕಾಸು, ತುಂಬಾ ಸಮಯ, ರಿಯಾಯಿತಿಗೆ ಪೂರ್ತಿ ಅರ್ಹತೆ. ಎದುರಿಗೆ ಆಳೆತ್ತರದ ಅಲೆ. ಸ್ಕೂಬಾ ಬಂದ್.

ಹಾಗಾಗಿ ಅರ್ಹತೆ ಇದ್ದವನು ಬರಲಾರ. ಬರಬಲ್ಲವನು ಎಂದರೆ ಬೆಂಗಳೂರಿಗೋ ಮುಂಬೈಗೋ ದುಬೈಗೋ ಹೋಗಿ ದೀಪಾವಳಿಗೆ ರಜೆ ಹಾಕಿ ಬಂದ ಊರಿನವನು. ಅವನ ಆಧಾರ್ ಜೆ.ಪಿ. ನಗರದ್ದು. ಇಷ್ಟು ಅಚ್ಚುಕಟ್ಟಾದ ರಿಯಾಯಿತಿ ಯೋಜನೆಯನ್ನು ನಾನು ಸರ್ಕಾರದಲ್ಲೂ ನೋಡಿಲ್ಲ. ಒಂದು ರೂಪಾಯಿ ಖರ್ಚಿಲ್ಲ, ಬ್ಯಾನರ್ ಮೇಲೆ ಊರಿನ ಅಭಿಮಾನ ಮಾತ್ರ ಉಕ್ಕಿ ಹರಿಯುತ್ತದೆ.

ಇನ್ನು ಅಪ್ಪಿತಪ್ಪಿ ಒಬ್ಬ ಸ್ಥಳೀಯನಿಗೆ ಜನವರಿಯಲ್ಲಿ ಬಿಡುವಾಯಿತು ಅಂದುಕೊಳ್ಳಿ. ಆಗ ಷರತ್ತುಗಳು ಒಂದೊಂದಾಗಿ ತಲೆ ಎತ್ತುತ್ತವೆ. ಶನಿವಾರ ಭಾನುವಾರ ಇಲ್ಲ. ಸರ್ಕಾರಿ ರಜೆಗೆ ಇಲ್ಲ. ರಜೆಯ ಹಿಂದಿನ ದಿನ ಇಲ್ಲ. ವಿಡಿಯೋಗೆ ರಿಯಾಯಿತಿ ಇಲ್ಲ, ಮತ್ತು ವಿಡಿಯೋ ಇಲ್ಲದೆ ಮುಳುಗಿದರೆ ಮುಳುಗಿದ್ದಕ್ಕೆ ಸಾಕ್ಷಿ ಇಲ್ಲ. ದೋಣಿಯಲ್ಲಿ ಸೀಟು ಉಳಿದರೆ ಮಾತ್ರ. ಉಳಿಯಿತೋ ಇಲ್ಲವೋ ಗೊತ್ತಾಗುವುದು ದೋಣಿ ಬಿಡುವ ಹೊತ್ತಿಗೆ. ಅಷ್ಟರ ತನಕ ಚಡ್ಡಿ ಟವೆಲ್ ಹಿಡಿದುಕೊಂಡು ಅಲ್ಲೇ ಕೂತಿರಿ.

ಅಂಗಡಿಯವರನ್ನು ಪೂರ್ತಿ ಬೈಯಲೂ ಮನಸ್ಸು ಬರುವುದಿಲ್ಲ. ಡೀಸೆಲ್ ಬೆಲೆ, ಸಿಲಿಂಡರಿಗೆ ಗಾಳಿ ತುಂಬುವ ಕಂಪ್ರೆಸರ್, ಒಬ್ಬೊಬ್ಬರಿಗೂ ಬೆನ್ನಿಗೆ ಅಂಟಿಕೊಂಡು ಈಜುವ ಇನ್‌ಸ್ಟ್ರಕ್ಟರ್ ಸಂಬಳ, ಇದ್ಯಾವುದೂ ಗಿರಾಕಿಯ ಪಿನ್‌ಕೋಡ್ ನೋಡಿ ಕಡಿಮೆಯಾಗುವುದಿಲ್ಲ. ಮಂಗಳವಾರ ದೋಣಿ ಅರ್ಧ ಖಾಲಿ ಹೋಗುತ್ತದೆ, ಖಾಲಿ ಸೀಟಿಗೆ ಯಾರಾದರೂ ಸಿಕ್ಕಿದರೆ ಲಾಭವೇ. ಅಷ್ಟೇ ವಿಷಯ. ಹಾಗಿದ್ದರೆ ‘ಮಂಗಳವಾರದ ರೇಟ್’ ಅಂತ ಬರೆದು ಎಲ್ಲರಿಗೂ ಕೊಡಬಹುದಿತ್ತು. ಆದರೆ ಅದರಲ್ಲಿ ಮರ್ಯಾದೆ ಇಲ್ಲ ನೋಡಿ. ನಮಗೆ ದುಡ್ಡು ಉಳಿಯುವುದಕ್ಕಿಂತ ಪಕ್ಕದವನಿಗಿಂತ ಕಡಿಮೆ ಕೊಟ್ಟೆ ಎನ್ನುವುದು ಮುಖ್ಯ.

ಅದಕ್ಕೇ ಊರಿನಲ್ಲಿ ಯಾರೂ ಆಧಾರ್ ತೋರಿಸುವುದಿಲ್ಲ. ತೋರಿಸುವುದು ಫೋನು. “ಒಂದ್ನಿಮಿಷ, ಮಾತಾಡಿ” ಅಂತ ಹುಡುಗನ ಕೈಗೆ ಕೊಡುತ್ತಾರೆ. ಆ ಕಡೆ ಪಂಚಾಯ್ತಿ ಮೆಂಬರ್ ಇರಬಹುದು, ಮೆಂಬರ್ ಭಾವ ಇರಬಹುದು, ದೋಣಿ ಮಾಲೀಕರು ಇರಬಹುದು. ಹುಡುಗ ಎದ್ದು ನಿಂತು “ಹೌದು ಅಣ್ಣ, ಆಯ್ತು ಅಣ್ಣ” ಅನ್ನುತ್ತಾನೆ. ಮುಗಿಯಿತು. ಹೀಗೆ ಬಂದವರಲ್ಲಿ ಒಬ್ಬರು ದಾವಣಗೆರೆಯವರಿದ್ದರು. ಸಮುದ್ರ ನೋಡಿದ್ದೇ ಅವತ್ತು ಬೆಳಗ್ಗೆ. ಆದರೆ ಮೆಂಬರ್ ಭಾವನಿಗೆ ಟ್ರ್ಯಾಕ್ಟರ್ ಮಾರಿದ್ದರಂತೆ. ಲೋಕಲ್ ರೇಟಿನಲ್ಲೇ ನೇತ್ರಾಣಿಗೆ ಹೋದರು. ನೀರಿಗಿಳಿದು ಬಣ್ಣದ ಮೀನು ಕಂಡ ಖುಷಿಗೆ ಬ್ಯಾನರಿನಲ್ಲಿದ್ದಂತೆಯೇ ಹೆಬ್ಬೆರಳು ಎತ್ತಿದರಂತೆ. ಇನ್‌ಸ್ಟ್ರಕ್ಟರ್ ನಿಯಮ ಪಾಲಿಸಿ ತಕ್ಷಣ ಮೇಲೆ ತಂದು ಬಿಟ್ಟ.

ಪುಣೆಯ ಆ ಇನ್‌ಸ್ಟ್ರಕ್ಟರ್ ಸಂಜೆ ಮೀನು ಕೊಳ್ಳಲು ಬಂದಿದ್ದ. ಮೀನಿನ ಅಕ್ಕ ಬುಟ್ಟಿಯ ಮುಂದೆ ಕೂತು ಬಂಗುಡೆಯ ಕಿವಿರು ಎತ್ತಿ ತೋರಿಸಿದರು, ಕೆಂಪಗಿತ್ತು. ನೂರಕ್ಕೆ ನಾಲ್ಕು. ಇವನು ತನಗೆ ಬರುವ ಕನ್ನಡವನ್ನೆಲ್ಲ ಒಟ್ಟು ಮಾಡಿ ಹೇಳಿದ: “ಅಕ್ಕಾ, ನಾನು ಲೋಕಲ್. ಲೋಕಲ್ ರೇಟ್ ಕೊಡಿ.”

ಅಕ್ಕ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಅವರ ಮಗ ಅದೇ ಸ್ಕೂಬಾ ದೋಣಿಯಲ್ಲಿ ಲಂಗರು ಹಾಕುವ ಕೆಲಸದಲ್ಲಿದ್ದಾನೆ.

“ಲೋಕಲ್ ರೇಟ್ ಉಂಟು ತಮಾ, ಇಲ್ಲ ಅಂತ ಯಾರು ಹೇಳಿದ್ದು?” ಎಂದು ನಾಲ್ಕು ಬಂಗುಡೆ ಎಣಿಸಿ ಅವನ ಚೀಲಕ್ಕೆ ಹಾಕಿದರು. “ಈಗ ನೂರು ಕೊಡು. ಲೋಕಲ್ ರೇಟಿಗೆ ಜೂನ್ ಒಂದರ ಮೇಲೆ ಬಾ.”